ಓದಿಲ್ ಮತ್ತು ಮೂರು ರುಚಿಯ ಜಾಡಿಗಳು

ಬಹಳ ಹಿಂದೆ, ಫ್ರಾನ್ಸ್ ದೇಶವನ್ನು ಹತ್ತಾರು ಪುಟ್ಟ ರಾಜರು ಹಂಚಿಕೊಂಡು ಆಳುತ್ತಿದ್ದ ಕಾಲದಲ್ಲಿ, ಪಡುವಣ ಕಡಲ ದಂಡೆಗೆ ವಾಲ್‌ಬ್ರಾನ್ ಎಂಬೊಂದು ರಾಜ್ಯವಿತ್ತು. ದೊಡ್ಡ ರಾಜ್ಯವೇನಲ್ಲ. ಆದರೂ ದೂರದ ಪಯಣಿಗರು ನಾಲ್ಕು ಹರದಾರಿ ಸುತ್ತು ಬಳಸಿ ಅಲ್ಲಿಗೆ ಬರುತ್ತಿದ್ದರು. ಬರುತ್ತಿದ್ದುದು ಊಟಕ್ಕೆ.

ಕೋಟೆಬಾಗಿಲ ಪಕ್ಕದಲ್ಲಿ ಓದಿಲ್ ಎಂಬ ಹೆಂಗಸಿನ ಊಟದ ಮನೆ. ಬಂದವರಿಗೆ ಮೊದಲು ಈರುಳ್ಳಿ ಸೂಪು ಕೊಡುವಳು. ಈರುಳ್ಳಿಯನ್ನು ಬೆಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಕುದಿಸಿ, ಮೇಲೊಂದು ಸುಟ್ಟ ಬ್ರೆಡ್ಡಿನ ತುಂಡಿಟ್ಟು, ಅದರ ಮೇಲೆ ಚೀಸ್ ಕರಗಿಸಿದ್ದು. ಆಮೇಲೆ ಗಾಲೆತ್. ಕಪ್ಪು ಧಾನ್ಯದ ಹಿಟ್ಟನ್ನು ನಮ್ಮ ದೋಸೆಯ ಹಾಗೆ ಕಾವಲಿಗೆ ಹುಯ್ದು, ನಡುವೆ ಮೊಟ್ಟೆ ಒಡೆದು, ನಾಲ್ಕೂ ಅಂಚು ಮಡಚಿದರೆ ಅದೇ ಗಾಲೆತ್. ಕುಡಿಯಲು ಬಟ್ಟಲು ತುಂಬ ಸೀದ್ರ್, ಅಂದರೆ ಹುಳಿ ಬಂದ ಸೇಬಿನ ರಸ. ಹೊರಟವರ ಕೈಗೆ ಗಂಡ ಬಾಸ್ತಿಯಾನ್ ಬೇಯಿಸಿದ ಜೇನಿನ ಬ್ರೆಡ್ಡು. ಉಂಡವರು ಬ್ರೆಡ್ಡಿನ ಚೂರಿನಿಂದ ಬಟ್ಟಲಿನ ತಳ ಒರೆಸಿ ತಿನ್ನುತ್ತಿದ್ದರು. ಓದಿಲ್‌ಗೆ ಅಷ್ಟು ಸಾಕಾಗಿತ್ತು.

ಒಂದು ಬೆಳಗ್ಗೆ ಸೂಪು ಬೂದಿಯಾಯಿತು. ಕಣ್ಣಿಗೆ ಸೂಪೇ, ಮೂಗಿಗೂ ಸೂಪೇ, ಬಾಯಿಗೆ ಮಾತ್ರ ಬೂದಿ. ಸೀದ್ರ್ ಬೂದಿಯ ನೀರಾಯಿತು. ಸೀಮೆಸುಣ್ಣದ ಗುಡ್ಡದ ಮೇಲೆ ಗ್ರಿಮೋ ಎಂಬ ಮಾಂತ್ರಿಕನಿದ್ದ. ಹುಟ್ಟಿದಾಗಿನಿಂದ ಅವನ ನಾಲಿಗೆಗೆ ರುಚಿಯೆಂಬುದೇ ಇರಲಿಲ್ಲ. ತನಗಿಲ್ಲದ್ದು ಯಾರಿಗೂ ಬೇಡವೆಂದು ಅವನು ರಾಜ್ಯದ ಉಪ್ಪು, ಹುಳಿ, ಸಿಹಿಗಳನ್ನು ಎಳೆದು ಮೂರು ಜಾಡಿಗಳಲ್ಲಿ ತುಂಬಿಟ್ಟಿದ್ದ.

ಪಯಣಿಗರು ಬರುವುದು ನಿಂತಿತು. ಜನರಿಗೆ ತುತ್ತು ಗಂಟಲಲ್ಲಿ ಇಳಿಯದಾಯಿತು. ಉಗ್ರಾಣ ತುಂಬಿತ್ತು, ಜನ ಸೊರಗುತ್ತಿದ್ದರು. ಮೊದಲು ಮುದುಕರು ತೀರಿಹೋದರು. ಅವರಲ್ಲಿ ಬಾಸ್ತಿಯಾನನ ತಾಯಿಯೂ ಒಬ್ಬಳು. ಬಾಸ್ತಿಯಾನ್ ಒಲೆ ಹಚ್ಚುವುದನ್ನೇ ಬಿಟ್ಟ. ಅವರ ಏಳು ವರ್ಷದ ಮಗಳು ಲಿಜೋನ್ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

"ಒಂದೇ ಚಮಚ, ಕಂದಾ," ಎನ್ನುವಳು ಓದಿಲ್.

"ಬೂದಿ ಬೇಡಮ್ಮ."

ಗುಡ್ಡಕ್ಕೆ ಹೋದ ರಾಜನ ಭಟರು ಮರಳಲಿಲ್ಲ. ರಾಜಕುಮಾರ ಎಮೆರಿಕ್ ಹೋದ, ಅವನೂ ಮರಳಲಿಲ್ಲ. ಮಗಳ ಮುಂಗೈ ಬೆರಳಿನಷ್ಟು ಸಣ್ಣಗಾದ ದಿನ ಓದಿಲ್ ಸೆರಗು ಕಟ್ಟಿದಂತೆ ಮೇಲಂಗಿ ಬಿಗಿದುಕೊಂಡು ಎದ್ದಳು.

"ನೀನೂ ಹೋದರೆ ಇವಳನ್ನು ಮಣ್ಣು ಮಾಡುವುದಕ್ಕೆ ನಾನೊಬ್ಬನೇ ಉಳಿಯುತ್ತೇನೆ," ಎಂದ ಬಾಸ್ತಿಯಾನ್.

"ಹೋಗದಿದ್ದರೆ ಇಬ್ಬರೂ ಸೇರಿ ಮಾಡಬೇಕಾಗುತ್ತದೆ," ಎಂದು ಅವಳು ಹೊರಟಳು.

ಗೆಲ್ಲುತ್ತೇನೆ ಎಂಬ ನಂಬಿಕೆ ಅವಳಿಗಿರಲಿಲ್ಲ. ಸುಮ್ಮನೆ ಕೂತು ನೋಡಲಾರದೆ ನಡೆದಳು.

ಮೊದಲ ಬಾಗಿಲು ಉಪ್ಪಿನ ಗದ್ದೆಯಲ್ಲಿತ್ತು. ಬಿಳಿ ತೋಳವೊಂದು ಅಡ್ಡ ನಿಂತು ಹೇಳಿತು: "ನಿನ್ನ ಬಾಯಿಯ ಉಪ್ಪಿನ ನೆನಪು ಕೊಡು. ಕೊಟ್ಟದ್ದು ಜಾಡಿ ಒಡೆದರೂ ಮರಳಿ ಬಾರದು. ಒಲ್ಲೆನೆಂದವರು ಮೃಗವಾಗಿ ಇಲ್ಲೇ ಕಾಯಬೇಕು. ರಾಜನ ಭಟನಾಗಿ ಬಂದ ನಾನು ಒಲ್ಲೆನೆಂದೆ."

ಓದಿಲ್ ಕೊಟ್ಟಳು. ಅಳು ಬಂತು. ಕಣ್ಣೀರು ತುಟಿಗಿಳಿದಾಗ ಅದು ಬರೀ ನೀರಾಗಿತ್ತು.

ಎರಡನೆಯ ಬಾಗಿಲು ಸೇಬಿನ ತೋಟದಲ್ಲಿ. ಕಬ್ಬಿಣದ ಕೋರೆಯ ಕಾಡುಹಂದಿ ಮಾತಾಡುವ ಮೊದಲೇ ಹಾಯ್ದು ಅವಳ ತೊಡೆ ಸೀಳಿತು. ನೆಲದ ಮೇಲೆ ಬಿದ್ದುಕೊಂಡೇ ಅವಳು ಕೇಳಿದಳು: "ನಿನಗೆ ಹುಳಿ ಬೇಕಲ್ಲವೇ? ತಗೋ. ದಾರಿ ಬಿಡು." ಮದುವೆಯ ದಿನ ಬಾಸ್ತಿಯಾನನೂ ತಾನೂ ಒಂದೇ ಬಟ್ಟಲಲ್ಲಿ ಕುಡಿದ ಸೀದ್ರ್ ಅವಳಿಗೆ ನೆನಪಿತ್ತು. ಬಟ್ಟಲು ಉಳಿಯಿತು, ಅವನ ನಗು ಉಳಿಯಿತು, ರುಚಿ ಹೋಯಿತು. ಹಂದಿ ಪಕ್ಕಕ್ಕೆ ಸರಿಯಿತು.

ಮೂರನೆಯ ಬಾಗಿಲು ಗ್ರಿಮೋನ ಮನೆಯದೇ. ಹೊಸ್ತಿಲ ಮೇಲೆ ಕರಡಿಯೊಂದು ತಲೆ ತಗ್ಗಿಸಿ ಕೂತಿತ್ತು.

"ತಾಯಿ, ಹಿಂದಿರುಗಿ ಹೋಗು," ಎಂದಿತು. "ನಾನು ಎಮೆರಿಕ್. ಎರಡನ್ನು ಕೊಟ್ಟೆ, ಮೂರನೆಯದಕ್ಕೆ ಧೈರ್ಯ ಸಾಲಲಿಲ್ಲ. ಸಿಹಿಯೂ ಹೋದರೆ ಬದುಕಲ್ಲಿ ಏನು ಉಳಿಯುತ್ತದೆ ಎಂದೆ. ಒಲ್ಲೆನೆಂದುದರಿಂದ ಕೊಟ್ಟ ಎರಡೂ ನನಗೇ ಮರಳಿದವು. ಮೈ ಹೀಗಾಯಿತು."

ಓದಿಲ್ ಅದರ ಪಕ್ಕ ಕುಸಿದು ಕೂತಳು. ತೊಡೆಯಿಂದ ರಕ್ತ ಸೋರುತ್ತಿತ್ತು. ಅವಳ ನಾಲಿಗೆಯಲ್ಲಿ ಇನ್ನು ಉಳಿದದ್ದು ಜೇನೊಂದೇ. ಅದನ್ನೂ ಕೊಟ್ಟ ಮೇಲೆ ತಾನು ಅಡುಗೆಯವಳೇ ಅಲ್ಲ. ಬಹಳ ಹೊತ್ತು ಕೂತಿದ್ದಳು. ಎದ್ದು ಹೋಗಿಬಿಡಲೇ ಎಂದೂ ಅನ್ನಿಸಿತು. ಮನೆಯಲ್ಲಿ ಮಗು ಇದೆಯೋ ಇಲ್ಲವೋ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

"ರಾಜಕುಮಾರ, ನನಗೂ ಧೈರ್ಯವಿಲ್ಲ," ಎಂದಳು ಕೊನೆಗೆ. "ಆದರೂ ತೆಗೆದುಕೋ."

ಬಾಗಿಲು ತೆರೆಯಿತು. ಒಳಗೆ ಗ್ರಿಮೋ ಮೂರು ಜಾಡಿಗಳ ಎದುರು ಚಮಚ ಹಿಡಿದು ಕೂತಿದ್ದ.

"ದಿನಾ ನೆಕ್ಕಿ ನೋಡುತ್ತೇನೆ," ಎಂದ ಅವನು. "ಏನೂ ಗೊತ್ತಾಗುವುದಿಲ್ಲ. ಈಗ ನೀನೂ ನನ್ನಂತೆಯೇ. ಇಲ್ಲೇ ಇದ್ದುಬಿಡು. ಬೇರೆಯವರು ಉಣ್ಣುವುದನ್ನು ನೋಡಿ ಹೇಗೆ ಸಹಿಸುತ್ತೀ?"

"ಸಹಿಸುವುದಕ್ಕಾಗುತ್ತದೋ ಇಲ್ಲವೋ, ಮನೆಗೆ ಹೋಗಿ ನೋಡುತ್ತೇನೆ," ಎಂದು ಓದಿಲ್ ಜಾಡಿಗಳನ್ನು ಒಂದೊಂದಾಗಿ ನೆಲಕ್ಕೆ ಹಾಕಿ ಒಡೆದಳು.

ರುಚಿಗಳನ್ನು ಹೊತ್ತ ಗಾಳಿ ಗುಡ್ಡದಿಂದ ಕೆಳಗಿಳಿಯಿತು. ಗ್ರಿಮೋನ ಮಂತ್ರಶಕ್ತಿಯೆಲ್ಲ ಅದರೊಂದಿಗೆ ಹೋಯಿತು. ಉಳಿದವನು ನಡುಗುವ ಒಬ್ಬ ಮುದುಕ. ತೋಳ, ಹಂದಿ, ಕರಡಿ ಮನುಷ್ಯರಾಗಿ ಎದ್ದು ನಿಂತರು. ಎಮೆರಿಕ್ ತನ್ನ ಅಂಗಿ ಹರಿದು ಅವಳ ಗಾಯ ಕಟ್ಟಿ, ಬೆನ್ನ ಮೇಲೆ ಹೊತ್ತು ಊರಿಗೆ ತಂದ.

ಲಿಜೋನ್ ಬದುಕಿದ್ದಳು. ಉಸಿರು ಮಾತ್ರ ಆಡುತ್ತಿತ್ತು.

ಓದಿಲ್ ಒಲೆ ಹಚ್ಚಿದಳು. ಈರುಳ್ಳಿಯ ಬಣ್ಣ ನೋಡಿ, ಸದ್ದು ಕೇಳಿ, ವಾಸನೆ ಹಿಡಿದು ಸೂಪು ಕುದಿಸಿದಳು. ಉಪ್ಪನ್ನು ಅಂದಾಜಿನಲ್ಲಿ ಹಾಕಿದಳು. ಬಾಯಿಗಿಟ್ಟುಕೊಂಡರೆ ಬಿಸಿಯಷ್ಟೇ, ಮತ್ತೇನಿಲ್ಲ. ಒಂದು ಚಮಚ ಮಗಳ ತುಟಿಗೆ ಹಿಡಿದಳು.

ಲಿಜೋನ್ ನುಂಗಿದಳು. ಮುಖ ಕಿವುಚಿದಳು.

"ಉಪ್ಪು ಜಾಸ್ತಿ ಆಯಿತಮ್ಮ," ಎಂದಳು.

ಬಾಸ್ತಿಯಾನ್ ಬಾಗಿಲಿಗೊರಗಿ ಬಿಕ್ಕಿ ಬಿಕ್ಕಿ ಅತ್ತ. ಓದಿಲ್ ಸೂಪಿಗೆ ಇನ್ನಷ್ಟು ನೀರು ಬೆರೆಸಿದಳು.

ಪಯಣಿಗರು ಮತ್ತೆ ಬಂದರು. ವಾಲ್‌ಬ್ರಾನಿನ ಜನ ಉಂಡು ಉಟ್ಟು ಸುಖವಾಗಿ ಬಾಳಿದರು. ಗ್ರಿಮೋಗೂ ದಿನಾ ಒಂದು ಬಟ್ಟಲು ಸೂಪು ಹೋಗುತ್ತಿತ್ತು. ಊಟದ ಮನೆಯಲ್ಲಿ ಲಿಜೋನ್ ರುಚಿ ನೋಡಿ "ಸರಿ" ಎಂದಮೇಲೆಯೇ ಪಾತ್ರೆ ಕೆಳಗಿಳಿಯುವುದು. ಅದು ಎಂಥ ರುಚಿಯೆಂದು ಓದಿಲ್ ಯಾರನ್ನೂ ಕೇಳುತ್ತಿರಲಿಲ್ಲ. ಉಣ್ಣುವವರ ಮುಖ ನೋಡುತ್ತ ಬಾಗಿಲಲ್ಲಿ ನಿಂತಿರುತ್ತಿದ್ದಳು, ಅವರ ಬಟ್ಟಲು ಖಾಲಿಯಾಗುವ ತನಕ.