ಕೊಡಲಿಯ ಮೇಲಿನ ಕೆಂಪು

ಜಂಪಣ್ಣನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ದುರುಗಕ್ಕ ಸವಳಂಗದ ತಿಪ್ಪೇರುದ್ರಸ್ವಾಮಿಗಳ ಜಗುಲಿಯ ಮುಂದೆ ಬಂದು ನಿಂತಳು. ಸುತ್ತಲ ಊರುಗಳ ಎಷ್ಟೋ ಕಳವು, ಕೊಲೆಗಳ ಗಂಟು ಬಿಡಿಸಿದ್ದ ಆ ನಿವೃತ್ತ ಮೇಷ್ಟರ ಪಕ್ಕದಲ್ಲಿ ಎಂದಿನಂತೆ ಪಾಪಣ್ಣ ಕೂತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ. ಸತ್ತವನು ಅವನ ತಮ್ಮ; ಕೊಂದನೆಂದು ಪೊಲೀಸರು ಹಿಡಿದದ್ದು ಅವಳ ಗಂಡ ಮಾರಪ್ಪನನ್ನು.

"ಸ್ವಾಮೇರೆ, ಇವತ್ತು ಹೊನ್ನಾಳಿ ಕೋರ್ಟಿಗೆ ಒಯ್ತಾರಂತೆ. ಪಾಪಣ್ಣಾರು ಅಂತರಘಟ್ಟಮ್ಮನ ಗುಡಿ ಮುಂದೆ ನಮ್ಮನೆಗೆ ಶಾಪ ಬೇರೆ ಹಾಕ್ಯಾರೆ."

"ಹಾಕೀನಿ," ಎಂದ ಪಾಪಣ್ಣ. "ನಿಮ್ಮನೆ ದೀಪ ಆರ್ಲಿ ಅಂದೀನಿ."

ಸ್ವಾಮಿಗಳು ಶಲ್ಯ ಹೊದ್ದು ಎದ್ದರು. "ಬಾ. ಶಾಪ ಸರಿಯಾದ ಮನೆಗೆ ಹೋಗೈತಾ ನೋಡಾನ."

ಒಣ ಜಾಲಿ, ಬಿದ್ದ ಕೊಂಬೆಗಳನ್ನೇ ಉರುವಲಿಗೆ ಒದಗಿಸುವ ಸೌದೆ ಡಿಪೋಗಳಿಗೆ ಸರ್ಕಾರ ಸಹಾಯಧನ ಕೊಡುತ್ತಿದ್ದ ಎಂಬತ್ಮೂರನೆಯ ಇಸವಿ ಅದು. ಹಸಿಮರ ಮುಟ್ಟುವಂತಿರಲಿಲ್ಲ. ಊರ ಡಿಪೋದ ಸೌದೆ ನೋಡಿ ಸರ್ಕಾರದ ಪರವಾಗಿ ರುಜು ಹಾಕುವ ಕೆಲಸ ಜಂಪಣ್ಣನದು. ಅಲ್ಲಿ ಸೌದೆ ಸೀಳುತ್ತಿದ್ದ ಮಾರಪ್ಪ ಊರಲ್ಲಿಲ್ಲದ ಮೂರು ದಿನಗಳಲ್ಲಿ ಎದ್ದಿದ್ದ ಹೊಸ ಸೌದೆ ಒಟ್ಟಿಲೊಂದು ಅವನು ಮರಳಿದ ದಿನವೇ ಕುಸಿದು, ಅದರ ಕೆಳಗೆ ಜಂಪಣ್ಣ ತಲೆಯೊಡೆದು ಸತ್ತಿದ್ದ. ಪಕ್ಕದಲ್ಲಿ ಮಾರಪ್ಪನ ಕೊಡಲಿ; ಅಲಗಿನ ಮೇಲೆ ಕೆಂಪು ಕಲೆ.

ಮೂವರೂ ಡಿಪೋ ತಲುಪಿದಾಗ, ಕೋರ್ಟಿಗೆ ಒಯ್ಯುವ ಮುಂಚೆ ಮಾರಪ್ಪನನ್ನು ಮಹಜರಿಗೆ ಕರೆತಂದಿದ್ದ ದಫೇದಾರ ಹನುಮಂತಪ್ಪ ಕೊಡಲಿ ತೋರಿಸಿದ. ಆ ಕೆಂಪನ್ನು ಕಂಡು ಪಾಪಣ್ಣನಿಗೆ ತಮ್ಮನ ಅಂಗೈ ನೆನಪಾಯಿತು. ಮಣ್ಣು ಮಾಡುವ ಮುಂಚೆ ಎಷ್ಟು ತೊಳೆದರೂ ಆ ರಕ್ತ ಹೋಗಿರಲಿಲ್ಲ.

"ಇದು ಎಲ್ಲಿತ್ತು ತಿಪ್ಪೇಶಪ್ಪ?" ಎಂದು ಸ್ವಾಮಿಗಳು ಡಿಪೋ ಮಾಲೀಕನನ್ನು ಕೇಳಿದರು.

"ಅವನ ಹತ್ರಾನೇ. ಜಗಳೂರಿಗೆ ಮಗಳ ಮನೆಗೆ ಹೋದಾಗ್ಲೂ ಹೆಗಲ ಮೇಲೆ ಹಾಕ್ಕಂಡು ಹೋಗಿದ್ದ. ಹೆಂಡ್ತೀನ ಬಿಟ್ರೂ ಕೊಡಲಿ ಬಿಡಾಕಿಲ್ಲ ಅವ್ನು."

"ಇಲ್ರೀ," ಎಂದ ಬೇಡಿ ತೊಟ್ಟ ಮಾರಪ್ಪ. "ಇವರ ಕೋಣ್ಯಾಗೆ ಇಟ್ಟು ಹೋಗಿದ್ದೆ. ಬೀಗದ ಕೈ ಇವರ ಉಡಿದಾರದಾಗೇ ಐತೆ."

ಸ್ವಾಮಿಗಳು ಕಲೆಯನ್ನು ಉಗುರಿನಿಂದ ಕೆರೆದರು. ಕುಸಿದ ಸೌದೆಯ ನಡುವೆ ತಡಕಾಡಿದರು. ಆಮೇಲೆ ಎಲ್ಲರನ್ನೂ ತೂಕದ ಕಟ್ಟೆಯ ಬಳಿ ಕೂರಿಸಿದರು.

"ರಕ್ತ ಎರಡು ದಿನಕ್ಕೆ ಕಪ್ಪಾಗ್ತೈತೆ. ಇದು ಗಾಜಿನ ಹರಳಿನಂಗೆ ಹೊಳೀತೈತೆ. ಇದು ಹೊನ್ನೆ ಮರದ ರಸ. ಒಟ್ಟಿಲ ಹೊರಗೆ ಒಣ ಜಾಲಿ, ಒಳಗೆ ಕೆಂಪು ಕಾಣದಂಗೆ ಬೂದಿ ಮೆತ್ತಿದ ಹಸಿ ಹೊನ್ನೆ. ಜಂಪಣ್ಣ ಒಂದು ತುಂಡು ಎಳೆದು ನೋಡ್ಯಾನೆ. ಪಾಪಣ್ಣ, ಅವನ ಅಂಗೈಯಲ್ಲಿದ್ದದ್ದು ರಕ್ತ ಅಲ್ಲಪ್ಪ."

"ಹಂಗಾದ್ರೆ ಹೊನ್ನೆ ಕಡಿದವನೂ ಮಾರಪ್ಪನೇ," ಎಂದ ತಿಪ್ಪೇಶಪ್ಪ.

"ನಿಮ್ಮ ಕುಲದಾಗೆ ನಿಮ್ಮದು ಯಾವ ಬೆಡಗು ಮಾರಪ್ಪ?"

"ಹೊನ್ನೆ ಬೆಡಗು ಸ್ವಾಮೇರೆ. ಅದು ನಮ್ಮ ಕುಲದ ಮರ. ಕಡಿಯಾದಿರ್ಲಿ, ಒಲೆಗೂ ಇಡಾಕಿಲ್ಲ."

ತಿಪ್ಪೇಶಪ್ಪ ನಕ್ಕ. "ಬೆಡಗು ಕೋರ್ಟಿನಾಗೆ ಸಾಕ್ಷಿ ಹೇಳ್ತೈತಾ?"

"ಬೇಡ. ನಿನ್ನ ಮಾತೇ ಸಾಕು. ಕೊಡಲಿ ಜಗಳೂರಿಗೆ ಹೋಗಿತ್ತು ಅಂದೆ. ಆ ಬಯಲುಸೀಮ್ಯಾಗೆ ಹೊನ್ನೆ ಎಲ್ಲೈತೆ? ಈ ಮರ ಕಡಿದದ್ದು, ಒಟ್ಟಿಲು ಎದ್ದದ್ದು ಅದೇ ಮೂರು ದಿನದಾಗ. ಅಂದ್ರೆ ಕೊಡಲಿ ಇಲ್ಲೇ, ನಿನ್ನ ಬೀಗದೊಳಗೇ ಇತ್ತು. ಮಾರಪ್ಪ ಇದ್ರೆ ಹೊನ್ನೆಗೆ ಅಡ್ಡ ಬರ್ತಾನೆ ಅಂತ ಅವನು ಹೋದ ಮೇಲೆ ಕಡಿಸಿದೆ. ಜಂಪಣ್ಣ ರುಜು ಹಾಕಲ್ಲ ಅಂದ. ಸಹಾಯಧನ ನಿಲ್ತಿತ್ತು. ಕೊಡಲಿಯ ಹಿಂಬದಿಯಿಂದ ಹೊಡೆದು, ಒಟ್ಟಿಲ ಗೂಟ ಕಿತ್ತೆ. ಅಲಗಿನ ಕೆಂಪು ರಕ್ತದಂಗೇ ಕಂಡ ಮೇಲೆ ನಿನಗೆ ಇನ್ನೇನು ಬೇಕಿತ್ತು?"

ತಿಪ್ಪೇಶಪ್ಪನ ಕೈ ತಾನಾಗಿ ಉಡಿದಾರದ ಬೀಗದ ಕೈಯನ್ನು ಮುಚ್ಚಿತು. ಹನುಮಂತಪ್ಪ ಮಾರಪ್ಪನ ಬೇಡಿ ಬಿಚ್ಚಿ ತಿಪ್ಪೇಶಪ್ಪನ ಕೈಗೆ ಹಾಕಿದ.

ದುರುಗಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಾಪಣ್ಣ ಮಾರಪ್ಪನ ಬಳಿ ಬಂದ.

"ನಾಳೆ ಅಮ್ಮನ ಗುಡಿಗೆ ಹೋಗಿ ಶಾಪ ವಾಪಸ್ ಕೇಳ್ಬೇಕು. ನೀನೂ ಬಾರಪ್ಪ."

"ಕೊಡ್ತಾಳಾ ಅಣ್ಣಾ?"

"ಗೊತ್ತಿಲ್ಲ," ಎಂದ ಪಾಪಣ್ಣ. "ಕೊಡೋವರ್ಗೂ ನಾನು ಅಲ್ಲೇ ಕೂತಿರ್ತೀನಿ."