ವಿಷವಿಲ್ಲದ ರೊಟ್ಟಿ

ಬೆಳಗಿನ ಹೊತ್ತಿಗೆ ಊಹಕ ಎಂಬ ಯಂತ್ರ ಆ ದಿನದ ಪ್ರಳಯವನ್ನು ಬರೆದು ಮುಗಿಸಿತು. ಕರಡಿಹಾಳ ಎಂಬ ಊರು ಈ ಸಲ ಹೇಗೆ ಸಾಯುತ್ತದೆ ಎಂಬ ಕತೆ. ವಿದ್ಯಾರ್ಥಿನಿಲಯದ ಮಕ್ಕಳು ಊಟಕ್ಕೆ ಕೂರುತ್ತಾರೆ, ಜೋಳದ ರೊಟ್ಟಿ ಮುರಿಯುತ್ತಾರೆ, ಒಬ್ಬೊಬ್ಬರಾಗಿ ಒರಗುತ್ತಾರೆ. ಆಸ್ಪತ್ರೆ ತುಂಬುತ್ತದೆ, ಜನ ಊರು ಬಿಟ್ಟು ಓಡುತ್ತಾರೆ, ಕೊನೆಗೆ ಬೀದಿಯಲ್ಲಿ ನಾಯಿಗಳಷ್ಟೇ ಉಳಿಯುತ್ತವೆ. ರೊಟ್ಟಿಗೆ ವಿಷ ಬೆರೆಸಿದವಳ ಹೆಸರು ಮಾಬುಬಿ. ಕತೆಯ ಕೆಳಗೆ ಒಂದು ಅಂಕಿ: ಎಪ್ಪತ್ತೊಂದು.

ಈ ಅಂಕಿಗೆ ಭಯಾಂಕ ಎಂದು ಹೆಸರು. ಕತೆ ನಿಜವಾಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂಬ ಲೆಕ್ಕ. ಅರವತ್ತು ದಾಟಿದರೆ ಕತೆಯಲ್ಲಿ ಬಂದ ಜಾಗಕ್ಕೆ ಬೀಗ ಹಾಕಬೇಕು. ಅದು ಕಾನೂನು.

ಊರಿನಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದವಳು ಒಬ್ಬಳೇ ಮಾಬುಬಿ. ವಿದ್ಯಾರ್ಥಿನಿಲಯಕ್ಕೆ ರೊಟ್ಟಿ ಹೋಗುತ್ತಿದ್ದುದು ಅಲ್ಲಿಂದಲೇ. ಡಿವೈಎಸ್ಪಿ ಬಸರಕೋಡ ಬಂದಾಗ ಒಲೆಗಳೆಲ್ಲ ಉರಿಯುತ್ತಿದ್ದವು, ಹೆಂಗಸರು ರೊಟ್ಟಿ ಬಡಿಯುತ್ತಿದ್ದರು.

"ಏನ್ ತಪ್ಪು ಮಾಡೀನ್ರೀ ಸಾಹೇಬ್ರ?" ಎಂದಳು ಮಾಬುಬಿ.

"ಇನ್ನೂ ಮಾಡಿಲ್ಲವ್ವಾ. ಮಾಡಬಾರ್ದು ಅಂತ ಬಂದೀವಿ."

"ಡಿವೈಎಸ್ಪಿ ಲಂಚ ತಿಂದ ಅಂತ ನಾಳೆ ನಿಮ್ಮ ಮಷೀನು ಬರದ್ರ, ನಿಮ್ಮ ಬಾಯಿಗೆ ಬೀಗ ಹಾಕ್ತಾರೇನು?"

"ಅದು ಅಂಥಾ ಕತಿ ಬರಿಯೂದಿಲ್ಲ" ಎಂದರು ಬಸರಕೋಡ, ಬಾಗಿಲೆಳೆದು ಬೀಗ ಹಾಕಿದರು.

ಊಹಕವನ್ನು ಕಟ್ಟಿದವಳು ಡಾಕ್ಟರ್ ಮುಕ್ತಾ ಹಂಚಿನಾಳ. ಅದಕ್ಕೂ ಮುಂಚೆ ದೂರದ ಊರೊಂದರ ಸಂತೆಯಲ್ಲಿ ಬಾಂಬು ಸಿಡಿದಿತ್ತು. ತರಕಾರಿ ಬುಟ್ಟಿಯಲ್ಲಿ ಸಾವು ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಮನುಷ್ಯರಿಗೆ ಹೊಳೆಯದ್ದನ್ನು ಯಂತ್ರಕ್ಕೆ ಹೊಳೆಯಿಸಬೇಕೆಂದು ಆಕೆ ಹೊರಟಳು. ಹಳೆಯ ಪತ್ರಿಕೆಗಳು, ನ್ಯಾಯಾಲಯದ ತೀರ್ಪುಗಳು, ಲೋಕ ಮುಳುಗುವ ಕಾದಂಬರಿಗಳು ಎಲ್ಲವನ್ನೂ ಅದಕ್ಕೆ ಓದಿಸಿದಳು. ಅವೆಲ್ಲ ಸೇರಿ ಮುಂದಿನ ದಾಳಿ ಹೇಗಿದ್ದೀತು ಎಂದು ಅದು ದಿನವೂ ಕತೆ ಹೆಣೆಯುತ್ತಿತ್ತು, ಆ ದಿನದ ಪತ್ರಿಕೆ ಓದಿ ಭಯಾಂಕ ತಿದ್ದುತ್ತಿತ್ತು.

ಊಹಕ ಬಂದ ಮೇಲೆ ಕರಡಿಹಾಳದಲ್ಲಿ ಒಂದೂ ದಾಳಿಯಾಗಲಿಲ್ಲ. ಮಂತ್ರಿಗಳು ಇದನ್ನು ಭಾಷಣದಲ್ಲಿ ಹೇಳುತ್ತಿದ್ದರು. ಊಹಕ ಬರುವ ಮೊದಲೂ ಅಲ್ಲಿ ದಾಳಿಯಾಗಿರಲಿಲ್ಲ ಎಂಬುದನ್ನು ಹೇಳುತ್ತಿರಲಿಲ್ಲ. ಈ ನಡುವೆ ಸೇತುವೆಗೆ ಬೀಗ ಬಿತ್ತು, ಚಿತ್ರಮಂದಿರಕ್ಕೆ ಬಿತ್ತು, ವಾರದ ಸಂತೆ ನಿಂತುಹೋಯಿತು. ಬೀಗ ಬಿದ್ದಷ್ಟೂ ಜನ ಯಂತ್ರವನ್ನು ಹೊಗಳಿದರು. ಜನಕ್ಕೆ ಬುದ್ಧಿ ಇರಲಿಲ್ಲ ಎಂದಲ್ಲ, ಬುದ್ಧಿಗೂ ಯಾರೋ ಬೀಗ ಹಾಕಿದ್ದರು.

ವಾರ ಕಳೆದ ಮೇಲೆ ಮಾಬುಬಿ ಪ್ರಯೋಗಾಲಯಕ್ಕೆ ಬಂದಳು. ಕಂಕುಳಲ್ಲಿ ಬಿಳಿ ಬಟ್ಟೆಯ ಗಂಟು. ಮುಕ್ತಾ ಎದ್ದು ನಿಂತಳು. ಕರಡಿಹಾಳದ ಅದೇ ವಿದ್ಯಾರ್ಥಿನಿಲಯದಲ್ಲಿ ಆಕೆ ಈ ಕೈಯ ರೊಟ್ಟಿ ತಿಂದೇ ಓದಿದ್ದಳು.

"ದೊಡ್ಡ ಡಾಕ್ಟರಾಗೀಯಂತ. ಸೂಜಿ ಚುಚ್ಚೂ ಡಾಕ್ಟರ್ ಆಗಿದ್ರ ಪಾಡಿತ್ತು, ಒಬ್ಬೊಬ್ಬರನ್ನ ಕೊಲ್ತಿದ್ದಿ" ಎಂದಳು ಮಾಬುಬಿ.

"ಕೂಡ್ರಿ ಅಕ್ಕಾ."

"ಕೂಡಾಕ ಬಂದಿಲ್ಲ. ನನ್ನ ಹೆಸರು ಅದಕ್ಕ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಹಳೇ ಪೇಪರ್ ಓದಿ ಕಲ್ತದ್ದು ಅದು."

"ಹಂಗಾದ್ರ ಮತ್ಯಾರ ಹೆಸರು ಬರಬೇಕು ಬಿಡು." ಮಾಬುಬಿ ಪರದೆಯ ಕಡೆ ನೋಡಿದಳು. "ಈಗೆಷ್ಟೈತಿ?"

"ಎಂಬತ್ತನಾಲ್ಕು."

"ಒಲಿ ಆರೈತಿ, ಕೇಂದ್ರ ಮುಚ್ಚೈತಿ. ಮತ್ತ ಹೆಂಗ ಏರ್ತದ ಅದು?"

ಮುಕ್ತಾ ಈ ಪ್ರಶ್ನೆಯನ್ನು ಎಂದೂ ಕೇಳಿಕೊಂಡಿರಲಿಲ್ಲ. ಅಂಕಿ ಏರಿದ್ದಕ್ಕೆ ಕಾರಣ ಕೊಡು ಎಂದು ಊಹಕಕ್ಕೆ ಆಜ್ಞೆ ಕೊಟ್ಟಳು. ಮೊದಲ ಕಾರಣ, 'ವಿಷದ ಶಂಕೆ: ರೊಟ್ಟಿ ಕೇಂದ್ರಕ್ಕೆ ಬೀಗ' ಎಂಬ ಪತ್ರಿಕೆಯ ಸುದ್ದಿ. ಆಮೇಲೆ ಪಾಲಕರ ಮೆರವಣಿಗೆ. ಆಮೇಲೆ ಮಾಬುಬಿಯ ಮನೆಗೆ ಬಿದ್ದ ಕಲ್ಲು. ಎಲ್ಲವೂ ಕತೆಯಿಂದ ಹುಟ್ಟಿದ ಸುದ್ದಿಗಳು. ಅವನ್ನೇ ಓದಿ ಯಂತ್ರ ತನ್ನ ಕತೆಗೆ ಸಾಕ್ಷಿ ಸಿಕ್ಕಿತೆಂದು ತಿಳಿದಿತ್ತು. ಬೀಗ ಹಾಕಿದ್ದೇ ಅಪರಾಧಕ್ಕೆ ಪುರಾವೆಯಾಗಿತ್ತು.

ಆ ಸುದ್ದಿಗಳನ್ನಷ್ಟೇ ಅಲ್ಲ, ಇಂಥ ಹೆಸರಿನವರೇ ಮಾಡುತ್ತಾರೆ ಎಂದು ಹಳೆಯ ಪತ್ರಿಕೆಗಳಿಂದ ಕಲಿತದ್ದನ್ನೂ ತೆಗೆದು ಮತ್ತೆ ಲೆಕ್ಕ ಹಾಕಿಸಿದಳು. ಎರಡು ಬಂತು. ಯಾರ ಮನೆಯ ಅಡುಗೆಗೂ ಅಷ್ಟು ಬರುತ್ತದೆ.

"ವಿಷ ಇಲ್ಲ ಅಕ್ಕಾ" ಎಂದಳು. "ಯಾವತ್ತೂ ಇದ್ದಿಲ್ಲ."

"ಅದನ್ನ ನನಗ ಹೇಳ್ತೀಯೇನು? ಊರಿಗೆ ಹೇಳು." ಮಾಬುಬಿ ಗಂಟು ಬಿಚ್ಚಿದಳು. ರೊಟ್ಟಿ, ನಡುವೆ ಶೇಂಗಾ ಚಟ್ನಿ. "ಹೇಳಿದ್ರೂ ನಂಬಂಗಿಲ್ಲ. ತಿಂದು ತೋರ್ಸು. ನೀ ತಿಂದಿದ್ದು ಪೇಪರ್‌ನಾಗ ಬರ್ಲಿ. ಮಷೀನು ಮಾಡಿದಾಕಿನ ತಿಂದ್ಲು ಅಂದ್ರ ಮಂದಿ ತಿಂತಾರ. ನನ್ನ ಹೆಣ್ಮಕ್ಕಳು ಒಲಿ ಹಚ್ತಾರ."

ನ್ಯಾಯವಾದ ಮಾತು. ಮುಕ್ತಾ ರೊಟ್ಟಿ ಮುರಿದಳು. ಚಟ್ನಿ ಹಚ್ಚಿಕೊಂಡಳು. ಪರದೆಯ ಮೇಲೆ ಎರಡು ಎಂಬ ಅಂಕಿ ಹಾಗೆಯೇ ಇತ್ತು. ತುತ್ತು ಗದ್ದದ ತನಕ ಬಂದು ನಿಂತಿತು. ರೊಟ್ಟಿಯ ಮೇಲಿನ ಕಪ್ಪು ಚುಕ್ಕೆಗಳು ಬೆಂಕಿ ತಾಗಿ ಆದವು ಎಂದು ಆಕೆಗೆ ಗೊತ್ತಿತ್ತು. ಸಾವಿರ ಸಲ ನೋಡಿದ ಚುಕ್ಕೆಗಳು. ಕೈ ಮೇಲೇಳಲಿಲ್ಲ.

ಮಾಬುಬಿ ಕಾದಳು. ಆಮೇಲೆ ಆ ತುತ್ತನ್ನು ಮುಕ್ತಾಳ ಬೆರಳುಗಳಿಂದ ಬಿಡಿಸಿಕೊಂಡು ತಾನೇ ಬಾಯಿಗೆ ಹಾಕಿಕೊಂಡಳು. ಅಗಿದು ನುಂಗಿ ಗಂಟು ಕಟ್ಟಿದಳು.

"ಮಷೀನು ಆರ್ಸಿ ಬಿಡವ್ವಾ" ಎಂದಳು. "ಇನ್ನ ಅದಕ್ಕೇನು ಕೆಲಸ ಇಲ್ಲಿ?"

ಮುಕ್ತಾ ವರದಿ ಬರೆದಳು. ಸರ್ಕಾರ ಊಹಕವನ್ನು ನಿಲ್ಲಿಸಿತು. ಬಸರಕೋಡ ತಾವೇ ಬಂದು ಬೀಗ ತೆಗೆದರು. ಹೆಂಗಸರು ಒಲೆ ಹಚ್ಚಿದರು, ರೊಟ್ಟಿ ಬಡಿದರು, ಸಂಜೆಯ ತನಕ ಕಾದರು. ಕೊಳ್ಳಲು ಯಾರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಕರಡಿಹಾಳಕ್ಕೆ ಒಬ್ಬ ಭಯೋತ್ಪಾದಕನೂ ಕಾಲಿಟ್ಟಿರಲಿಲ್ಲ, ಆದರೆ ಅವನು ಬಂದು ಮಾಡಬೇಕಾದ ಕೆಲಸ ಒಂದೂ ಬಾಕಿ ಉಳಿದಿರಲಿಲ್ಲ.

ಇದು ಇನ್ನೂ ಮೂರು ನಾಲ್ಕು ದಶಕ ಕಳೆದ ಮೇಲೆ ನಡೆಯುವ ಸಂಗತಿ. ಊಹಕವನ್ನು ಇನ್ನೂ ಯಾರೂ ಕಟ್ಟಿಲ್ಲ. ಹೆಸರು ಕೇಳಿ ತುತ್ತನ್ನು ಗದ್ದದ ಹತ್ತಿರ ನಿಲ್ಲಿಸುವ ಕೈ ಮಾತ್ರ ಈಗಾಗಲೇ ತಯಾರಿದೆ.