ಮೂರನೆಯ ಗೆರೆ ದಾಟಿದ ಟ್ರೈಲೋಬೈಟ್

"ಇದನ್ನ ಬರೆದ ಮಹಾನುಭಾವ ಯಾರು?"

ಏಣಿಯ ಮೇಲಿದ್ದ ಪೇಂಟರ್ ಕುಂಚ ಎತ್ತಿದ. "ನಾನೇ ಮೇಡಂ. ಚೆನ್ನಾಗಿಲ್ವಾ?"

ಚೆನ್ನಾಗಿತ್ತು. ನನಗೆ ಮೈ ಉರಿದದ್ದೂ ಅದಕ್ಕೇ. ನಾನು ಈ ಮ್ಯೂಸಿಯಂನ ಭೂವಿಜ್ಞಾನಿ. ಉದ್ದ ಗೋಡೆಯ ಮೇಲೆ ಭೂಮಿಯ ಐದು ಮಹಾವಿನಾಶಗಳ ಚಿತ್ರ, ಒಂದೊಂದಕ್ಕೂ ಒಂದು ಕಪ್ಪು ಗೆರೆ. ಅಳಿದವರು ಗೆರೆ ದಾಟುವಂತಿಲ್ಲ, ಅದು ನನ್ನ ನಿಯಮ. ಈ ಮಹಾಶಯ ಟ್ರೈಲೋಬೈಟ್ ಎಂಬ ಪುಟ್ಟ ಚಿಪ್ಪಿನ ಜೀವಿಯನ್ನು ಮೂರನೆಯ ಗೆರೆ ದಾಟಿಸಿ, ಡೈನೋಸಾರ್ ಕಾಲಡಿಯ ಕಡಲ ನೀರಿನಲ್ಲಿ ಈಜಲು ಬಿಟ್ಟಿದ್ದ.

"ಅದು ಅಳಿದು ಎರಡು ಕೋಟಿ ವರ್ಷ ಆದ್ಮೇಲೆ ಈ ಡೈನೋಸಾರ್ ಬಂದಿದ್ದು. ಗೊತ್ತಾ?"

"ಗೊತ್ತು. ನೀವೇ ಹೇಳಿದ್ರಲ್ಲ."

"ಮತ್ತೆ?"

ಅವನು ಇಳಿದು ಬಂದ. ಮೂಗಿನ ಮೇಲೆ ಹಸಿರು ಬಣ್ಣ. "ಮೊನ್ನೆ ಇದರ ಕಲ್ಲಾದ ಚಿಪ್ಪನ್ನ ನನ್ನ ಅಂಗೈ ಮೇಲಿಟ್ಟು ಕಣ್ಣು ತುಂಬ್ಕೊಂಡ್ರಿ. ಇದೊಂದಾದ್ರೂ ಬದುಕ್ಲಿ ಅನ್ನಿಸ್ತು. ನಿಮಗೋಸ್ಕರ."

ಒಳಗೊಳಗೇ ಹಿತವಾಯಿತು. ಸಿಟ್ಟು ಮಾತ್ರ ಇನ್ನೂ ಏರಿತು.

"ಡೈನೋಸಾರ್ ಸತ್ತಿದ್ದಕ್ಕೆ ಊರೆಲ್ಲ ಅಳುತ್ತೆ. ಆಟಿಕೆ, ಟೀ ಶರ್ಟು, ಎಲ್ಲ ಅದಕ್ಕೇ. ಇದು ಅದಕ್ಕಿಂತ ದೊಡ್ಡ ಸಾವು ರೀ! ಕಡಲಲ್ಲಿ ಹತ್ತು ಬಗೆ ಜೀವಿ ಇದ್ರೆ ಒಂಬತ್ತು ಹೋದ್ವು. ಕೇಳೋರೇ ಇಲ್ಲ. ಅದರ ಸಾವನ್ನೂ ನೀವು ಕಿತ್ಕೊಂಡ್ರೆ ಪಾಪ, ಅದಕ್ಕೆ ಇನ್ನೇನು ಉಳೀತು?"

ಅವನ ನಗು ಅಡಗಿತು. ಮತ್ತೆ ಏಣಿ ಹತ್ತಿ ತನ್ನ ಚೆಂದದ ಟ್ರೈಲೋಬೈಟನ್ನು ಅಳಿಸಿದ. ಆಮೇಲೆ, ನಾನು ಹೇಳದಿದ್ದರೂ, ಗೆರೆಯಾಚೆಯ ಮೀನುಗಳನ್ನೂ ಒಂದೊಂದಾಗಿ ಅಳಿಸತೊಡಗಿದ. ಅಲ್ಲಿ ಬರೀ ನೀರು ಉಳಿಯಿತು.

ಅಷ್ಟರಲ್ಲಿ ನಿರ್ದೇಶಕರು ಬಂದರು. "ಇಷ್ಟು ಜಾಗ ಖಾಲಿ ಯಾಕಪ್ಪಾ? ನಾಳೆ ಮಕ್ಕಳು ಬರ್ತಾರೆ. ಎರಡು ಮರಿ ಡೈನೋಸಾರ್ ಹಾಕು."

"ಹಾಕಲ್ಲ ಸರ್."

"ಏನಂದೆ?"

"ಅಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರ್ಲಿಲ್ಲ. ಮಕ್ಕಳು ಅದನ್ನೇ ನೋಡ್ಲಿ." ಅವನ ದನಿ ಏರಿತ್ತು, ಥೇಟ್ ಸಿಟ್ಟು ಬಂದಾಗಿನ ನನ್ನ ದನಿಯ ಹಾಗೆ.

"ಬೇರೆ ಪೇಂಟರ್‌ನ ಕರೆಸ್ತೀನಿ!"

"ಕರೆಸಿ. ಅವನಿಗೂ ಮೇಡಂ ಬೈತಾರೆ."

ನಿರ್ದೇಶಕರು ನನ್ನ ಮುಖ ನೋಡಿದರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಅವರು ಗೊಣಗುತ್ತಾ ಹೊರಟುಹೋದರು.

"ಇನ್ನೂ ಕೋಪಾನಾ?" ಅವನು ಏಣಿ ಇಳಿದು ಬಂದು ಮೆಲ್ಲಗೆ ಕೇಳಿದ.

"ಹೂಂ."

"ಎಷ್ಟು ದಿನ ಇರುತ್ತೆ?"

"ಟ್ರೈಲೋಬೈಟುಗಳು ಇಪ್ಪತ್ತೇಳು ಕೋಟಿ ವರ್ಷ ಇದ್ವು."

"ಅಷ್ಟೂ ವರ್ಷ ಬೈಸ್ಕೋತೀನಿ. ಜೊತೇಲೇ ಇದ್ದು ಬೈತೀರಾ?"

ಕರವಸ್ತ್ರ ತೆಗೆದು ಅವನ ಮೂಗಿನ ಬಣ್ಣ ಒರೆಸಿದೆ. ಅದು ಕೆನ್ನೆಗೆಲ್ಲ ಹರಡಿತು.